ಗಾಳಿಗೂ ಬಂತು ಬೆಲೆ

ತುರುವೇಕೆರೆಯಿಂದ ತಿಪಟೂರಿಗೆ ಹೊರಟವನು ಈಚೆಗೆ ಹಾದಿಯ ಪೆಟ್ರೋಲ್ ಬಂಕೊಂದರಲ್ಲಿ ಕಾರಿನ ಚಕ್ರಗಳಿಗೆ ಗಾಳಿ ತುಂಬಿಸಲು ನಿಂತೆ. ‘ಮಾಮೂಲಿ ಗಾಳಿ ಮಿಷನ್ನು ಕೆಟ್ಟಿದೆ ಸಾರ್. ನೈಟ್ರೋಜನ್ ಹಾಕಿಸ್ಕೊಳ್ಳಿ, ಟೈರು ಬಿಸಿ ಆಗಲ್ಲ’ ಎಂದ ಅಲ್ಲಿದ್ದ ಹುಡುಗ. ನಾಲ್ಕು ಚಕ್ರಕ್ಕೆ 200 ರೂಪಾಯಿ.

ಅರ್ಥಶಾಸ್ತ್ರ ಓದಿದವನಿಗೆ ಇಂಥಲ್ಲಿ ಲೆಕ್ಕ ಹಾಕದೆ ಇರಲಾಗದು. ನಾವು ಉಸಿರಾಡುವ ಗಾಳಿಯಲ್ಲಿ ಶೇ 78ರಷ್ಟು ಇರುವುದು ಸಾರಜನಕವೇ, ಅಂದರೆ ನೈಟ್ರೋಜನ್ನೇ. ಯಂತ್ರವು ಅದೇ ಗಾಳಿಯನ್ನು ಸೋಸಿ ಆ ಪ್ರಮಾಣವನ್ನು ಶೇ 95ರ ಆಸುಪಾಸಿಗೆ ಏರಿಸುತ್ತದೆ. ನಾವು ಹಣ ತೆರುವುದು ಈ ಅಂತರಕ್ಕೆ ಮಾತ್ರ.

ಪ್ರಯೋಜನವೇ ಇಲ್ಲವೆಂದಲ್ಲ. ಆಮ್ಲಜನಕಕ್ಕೆ ಹೋಲಿಸಿದರೆ ಸಾರಜನಕ ರಬ್ಬರಿನಿಂದ ನಿಧಾನವಾಗಿ ಸೋರುತ್ತದೆ. ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಒಂದು ವರ್ಷದ ನಂತರ ಸಾಮಾನ್ಯ ಗಾಳಿಯ ಟೈರುಗಳು ಸರಾಸರಿ 3.5 ಪಿಎಸ್‌ಐ, ನೈಟ್ರೋಜನ್ ತುಂಬಿದವು 2.2 ಪಿಎಸ್‌ಐ ಒತ್ತಡ ಕಳೆದುಕೊಂಡಿದ್ದವು. ವರ್ಷವಿಡೀ ಆದ ಉಳಿತಾಯ 1.3 ಪಿಎಸ್‌ಐ! ಇನ್ನು ಬಿಸಿಯ ಮಾತು. ಕಾವೇರಿದಾಗ ಒಣಗಾಳಿಯ ಒತ್ತಡವೂ ಸಾರಜನಕದ ಒತ್ತಡವೂ ಹೆಚ್ಚುಕಡಿಮೆ ಒಂದೇ ರೀತಿ ಏರುತ್ತವೆ. ವಿಮಾನದ ಚಕ್ರಗಳಿಗೆ ಸಾರಜನಕ ಬೇಕೇಬೇಕು, ನಿಜ. ಅಲ್ಲಿ ಕಾದ ಬ್ರೇಕಿನಿಂದ ಟೈರು ಸ್ಫೋಟಿಸುವ ಅಪಾಯವಿದೆ. ನಮ್ಮ ಕಾರುಗಳೇನೂ ರನ್‌ವೇಗೆ ಇಳಿಯುವುದಿಲ್ಲ.

ನನ್ನ ಆತಂಕ 200 ರೂಪಾಯಿಯದಲ್ಲ. ಚಿಕ್ಕನಾಯಕನಹಳ್ಳಿ ಕಡೆಯ ನಮ್ಮ ನೆಂಟರೊಬ್ಬರು ನೈಟ್ರೋಜನ್ ತುಂಬಿಸಿದ ಧೈರ್ಯದಲ್ಲಿ ಆರು ತಿಂಗಳು ಟೈರಿನತ್ತ ನೋಡಲೇ ಇಲ್ಲ. ಮೊಳೆಯೊಂದು ಚುಚ್ಚಿ ಒತ್ತಡ ಇಳಿಯುತ್ತಲೇ ಇತ್ತು. ಕೊಬ್ಬರಿ ಮೂಟೆ ಹೇರಿದ ವಾಹನದ ಟೈರು ಹೆದ್ದಾರಿಯಲ್ಲಿ ಸಿಡಿಯಿತು. ಜೀವಕ್ಕೆ ಅಪಾಯವಾಗಲಿಲ್ಲವೆಂಬುದೇ ಪುಣ್ಯ. ಮಾಮೂಲಿ ಗಾಳಿ ಬೆರೆಸಬಾರದೆಂದು ಯಾರೋ ಹೇಳಿದ್ದರಂತೆ. ಬೆರೆಸಿದರೆ ಯಾವ ಹಾನಿಯೂ ಇಲ್ಲ; ಕಡಿಮೆ ಗಾಳಿಯಲ್ಲಿ ಓಡಿಸುವುದೇ ಹಾನಿ.

ಬಂಕುಗಳು ಗಾಳಿಯನ್ನು ಉಚಿತವಾಗಿ ಒದಗಿಸಬೇಕೆಂಬುದು ತೈಲ ಕಂಪನಿಗಳದೇ ನಿಯಮ. ಉಚಿತ ಯಂತ್ರ ಕೆಟ್ಟಿದ್ದು, ಹಣದ ಯಂತ್ರ ಮಾತ್ರ ಸದಾ ನಡೆಯುತ್ತಿದ್ದರೆ ಗ್ರಾಹಕ ಪ್ರಶ್ನಿಸಬೇಕು. ತಿಂಗಳಿಗೊಮ್ಮೆ, ಟೈರು ತಣ್ಣಗಿರುವಾಗ ಒತ್ತಡ ಅಳೆಸಿದರೆ ಸಾರಜನಕದ ಹಂಗೇ ಬೇಕಿಲ್ಲ.

ನಮ್ಮ ಸೀಮೆಯ ರೈತ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟರೂ, ಕುಲುಕಿ ಸದ್ದು ಕೇಳದೆ ಕೊಬ್ಬರಿಯಾಯಿತೆಂದು ನಂಬುವವನಲ್ಲ. ಆ ಎಚ್ಚರ ಚಕ್ರದ ವಿಷಯದಲ್ಲೂ ಇರಲಿ.