ಹಾಡು ಆಮೇಲೆ, ಮೊದಲು ಫ್ಯೂಸು

ಬದನವಾಳು ಅಂದ್ರೆ ಖಾದಿ. ನಂಜನಗೂಡು ತಾಲ್ಲೂಕಿನ ಈ ಊರಿಗೆ 1927ರಲ್ಲಿ ಗಾಂಧೀಜಿ ಬಂದಿದ್ರು. ನಮ್ಮ ಕೆಲಸ ನಮ್ಮ ಕೈಯಲ್ಲೇ ಆಗಬೇಕು ಅನ್ನೋದು ಖಾದಿಯ ಪಾಠ. ಇವತ್ತು ಹುಡುಗರು ಆಂಪ್ಲಿಫೈಯರ್, ಸಬ್‌ವೂಫರ್ ತರಿಸಿ ಕಾರಿಗೆ ತಾವೇ ಕೂರಿಸ್ತಾರೆ. ತಪ್ಪಲ್ಲ, ಮಾಡಲಿ. ಆದರೆ ನೂಲು ತುಂಡಾದರೆ ಮತ್ತೆ ಸೇರಿಸಬಹುದು. ವೈರು ಹೊತ್ತಿಕೊಂಡರೆ ಕಾರೇ ಹೋಗುತ್ತೆ.

ಹೇಗೆ ಅಂತೀರಾ? ಲೆಕ್ಕ ನೋಡಿ. ಮನೆಯ 230 ವೋಲ್ಟಿನಲ್ಲಿ 480 ವಾಟಿಗೆ ಸುಮಾರು 2 ಆಂಪಿಯರ್ ಸಾಕು. ಕಾರಿನ 12 ವೋಲ್ಟಿನಲ್ಲಿ ಅಷ್ಟೇ ವಾಟಿಗೆ 40 ಆಂಪಿಯರ್ ಬೇಕು! ಅದಕ್ಕೇ ಬ್ಯಾಟರಿಯಿಂದ ನೇರವಾಗಿ ದಪ್ಪ ತಾಮ್ರದ ವೈರು ಎಳೀಬೇಕು.

ಆ ವೈರು ಬಾನೆಟ್ ಕಡೆಯಿಂದ ತಗಡಿನ ತೂತಿನ ಮೂಲಕ ಒಳಗೆ ಬರುತ್ತೆ. ಗಾಡಿ ಅದುರಿ ಅದುರಿ ಅದರ ಸಿಪ್ಪೆ ಸವೆದು ತಾಮ್ರ ಬಾಡಿಗೆ ತಾಗಿದರೆ ಶಾರ್ಟ್. ಬ್ಯಾಟರಿಯಿಂದ ನೂರಾರು ಆಂಪಿಯರ್ ನುಗ್ಗುತ್ತೆ. ಆಂಪ್ಲಿಫೈಯರಿನಲ್ಲೇ ಫ್ಯೂಸು ಇದೆಯಲ್ಲ ಅಂತೀರಾ? ಅದು ಇರೋದು ಆ ತುದಿಯಲ್ಲಿ. ಮಧ್ಯದ ಬೆಂಕಿಯನ್ನ ಅದು ತಡೆಯಲ್ಲ.

ಆದ್ದರಿಂದ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಫ್ಯೂಸು ಹಾಕಿ. ಅದರ ಆಂಪಿಯರ್ ವೈರಿನ ತಾಕತ್ತನ್ನ ಮೀರಬಾರದು. ತೂತಿಗೆ ರಬ್ಬರ್ ಬುಷ್ ಇರಲಿ. ಅರ್ಥಿಂಗ್ ವೈರು ಗಿಡ್ಡಕ್ಕಿರಲಿ, ಬಣ್ಣ ಕೆರೆದ ಬರಿ ಲೋಹಕ್ಕೆ ಬಿಗಿಯಿರಿ. ಕೆಲಸ ಶುರು ಮಾಡೋಕೆ ಮುಂಚೆ ಬ್ಯಾಟರಿಯ ನೆಗೆಟಿವ್ ಕಳಚಿ.

ಬಾಸ್ ಒಂದು ದಿನ ತಡವಾಗಿ ಕೇಳಿದರೂ ನಡೆಯುತ್ತೆ. ಕಾರಿನಲ್ಲಿ ಕೂರೋರು ನಿಮ್ಮ ಮನೆಯವರೇ ಅಲ್ವಾ?