ರಿಪೋರ್ಟಿನಲ್ಲಿ ‘ಹರ್-2 ಪಾಸಿಟಿವ್’ ಅಂದರೇನು?

ಅಕ್ಕಲಕೋಟ: ಸ್ತನದ ಗಂಟಿನ ತುಣುಕು ತೆಗೆದು ತಪಾಸಣೆಗೆ ಕಳಿಸಿ, ದಿನ ಎಣಿಸಿ ಕಾದ ಮೇಲೆ ಕೈಗೊಂದು ಕಾಗದ ಬರುತ್ತದೆ. ಅದು ಇಂಗ್ಲಿಷಿನಲ್ಲಿ. ಡಾಕ್ಟರು ಬಿಡಿಸಿ ಹೇಳುವುದು ಮರಾಠಿಯಲ್ಲಿ. ಮನೆಗೆ ಬಂದರೆ ಅವ್ವ ಕೇಳುವುದು ಕನ್ನಡದಲ್ಲಿ, ‘ಏನ್ ಬರದಾರಪಾ ಇದ್ರಾಗ?’ ಬಾರ್ಶಿಗೋ, ಮುಂಬೈನ ಟಾಟಾ ಆಸ್ಪತ್ರೆಗೋ, ಬೆಂಗಳೂರಿನ ಕಿದ್ವಾಯಿಗೋ ಅಲೆಯುವ ಗಡಿಭಾಗದ ಮನೆಗಳಿಗೆ ಈ ಮೂರು ಭಾಷೆಯ ತಾಪತ್ರಯ ಹೊಸದಲ್ಲ. ‘ಹರ್-2 ಪಾಸಿಟಿವ್’ ಎಂದಿದ್ದರೆ, ‘ಪಾಸಿಟಿವ್ ಅಂದ್ರ ಛಲೋನ ಅಲ್ಲ?’ ಎಂದು ಸಮಾಧಾನ ಮಾಡಿಕೊಳ್ಳುವವರೂ ಇದ್ದಾರೆ.

ಹರ್-2 ಒಂದು ಪ್ರೋಟೀನಿನ ಹೆಸರು. ಪ್ರೋಟೀನ್ ಅಂದರೆ ಬ್ಯಾಳಿ, ತತ್ತಿಯೊಳಗಿನ ಸತ್ವ ಅಷ್ಟೇ ಅಲ್ಲ. ಮೈಯ ಜೀವಕೋಶಗಳೊಳಗೆ ಸಾವಿರಾರು ಬಗೆಯ ಪ್ರೋಟೀನುಗಳು ದುಡಿಯುತ್ತಿರುತ್ತವೆ. ಅವು ಒಂಟಿಯಾಗಿ ದುಡಿಯುವುದು ಕಡಿಮೆ. ಒಂದು ಇನ್ನೊಂದಕ್ಕೆ ಅಂಟಿ, ಸುದ್ದಿ ದಾಟಿಸಿ, ಬಿಟ್ಟು ಸರಿಯುತ್ತದೆ. ಬಿ.ಕಾಂ. ಓದಿದ ನನ್ನಂಥವನಿಗೆ ಇದು ಖಾತೆ ಪುಸ್ತಕದಂತೆ ಕಾಣುತ್ತದೆ: ಒಂದು ಕಡೆ ಖರ್ಚು ಬಿದ್ದರೆ ಇನ್ನೊಂದು ಕಡೆ ಜಮಾ ಬೀಳಲೇಬೇಕು. ಒಂದೇ ಖಾತೆ ನೋಡಿ ಅಂಗಡಿಯ ಸ್ಥಿತಿ ಹೇಳಲಾಗದು. ರೋಗದ್ದೂ ಹಾಗೇ.

ಹರ್-2 ಇರುವುದು ಜೀವಕೋಶದ ಹೊರಮೈಯಲ್ಲಿ. ‘ಬೆಳೆ, ಎರಡಾಗು’ ಎಂಬ ಸುದ್ದಿಯನ್ನು ಒಳಗೆ ಮುಟ್ಟಿಸುವುದು ಅದರ ಕೆಲಸ. ಮಜಾ ಏನೆಂದರೆ, ಹೊರಗಿನಿಂದ ಬರುವ ಸುದ್ದಿ ಹಿಡಿಯುವ ಶಕ್ತಿ ಅದಕ್ಕಿಲ್ಲ. ಅದರ ದಾಯಾದಿ ಹರ್-3ಕ್ಕೆ ಸುದ್ದಿ ಹಿಡಿಯಲು ಬರುತ್ತದೆ, ಆದರೆ ಒಳಗೆ ಮುಟ್ಟಿಸುವ ಕಸುವು ತೀರಾ ಕಡಿಮೆ. ಎರಡೂ ಜೋಡಿಯಾದರೆ? ಕುರುಡನ ಹೆಗಲ ಮೇಲೆ ಕುಂಟ ಕೂತ ಹಾಗೆ, ದಾರಿ ಸಾಗಿತು! ಸ್ತನ ಕ್ಯಾನ್ಸರಿನ ನೂರು ಮಂದಿಯಲ್ಲಿ ಸುಮಾರು 15ರಿಂದ 20 ಮಂದಿಯ ಗಂಟಿನಲ್ಲಿ ಹರ್-2 ಅತಿಯಾಗಿ ತಯಾರಾಗಿರುತ್ತದೆ. ಜೋಡಿಗಳು ಮಿತಿಮೀರುತ್ತವೆ, ‘ಬೆಳೆ, ಬೆಳೆ’ ಎಂಬ ಸುದ್ದಿ ನಿಲ್ಲುವುದೇ ಇಲ್ಲ. ಪಾಸಿಟಿವ್ ಅಂದರೆ ಇದು. ಗಂಟು ಜೋರಾಗಿ ಬೆಳೆಯುವ ಜಾತಿಯದು, ಆದರೆ ಅದಕ್ಕೇ ಗುರಿಯಿಟ್ಟ ಔಷಧವೂ ಇದೆ.

1998ರಲ್ಲಿ ಅಮೆರಿಕದಲ್ಲಿ ಮಂಜೂರಾದ ಟ್ರಾಸ್ಟುಜುಮ್ಯಾಬ್ ನೇರ ಹೋಗಿ ಹರ್-2ಕ್ಕೆ ಅಂಟಿಕೊಳ್ಳುತ್ತದೆ. 2012ರಲ್ಲಿ ಬಂದ ಪರ್ಟುಜುಮ್ಯಾಬ್ ಇನ್ನೂ ಚಾಣಾಕ್ಷ. ಹರ್-2 ಜೋಡಿ ಕಟ್ಟುವ ಜಾಗವನ್ನೇ ಅದು ಮುಚ್ಚಿಬಿಡುತ್ತದೆ. ಬೇರೆ ಅಂಗಗಳಿಗೆ ಹರಡಿದ ರೋಗದಲ್ಲಿ ಹಳೆಯ ಔಷಧ, ಕಿಮೋ ಜೊತೆಗೆ ಇದನ್ನೂ ಕೊಟ್ಟಾಗ, ಅರ್ಧದಷ್ಟು ರೋಗಿಗಳು ಬದುಕಿದ್ದ ಅವಧಿ 40.8 ತಿಂಗಳಿನಿಂದ 56.5 ತಿಂಗಳಿಗೆ ಏರಿದ್ದು 2015ರಲ್ಲಿ ಪ್ರಕಟವಾಯಿತು.

ಹಾಗಾದರೆ ಔಷಧ ಕೊಡುವ ಮೊದಲು, ಕೊಡುವಾಗ ಹೃದಯದ ಎಕೋ ಯಾಕೆ ಮಾಡಿಸುತ್ತಾರೆ? ‘ರೋಗ ಎದಿ ಗಂಟಿಂದು, ಹಾರ್ಟಿಗೆ ಯಾಕ ಖರ್ಚು’ ಎಂದು ಬೇಸರಪಡಬೇಡಿ. ಅದೇ ಹರ್-2 ಹೃದಯದ ಸ್ನಾಯುವಿನಲ್ಲಿ ಹರ್-4ರ ಜೋಡಿಯಾಗಿ ಆ ಸ್ನಾಯುವನ್ನು ಕಾಯುತ್ತದೆ. ಇಲ್ಲಿ ಜೋಡಿ ಮುರಿದರೆ ಅಲ್ಲಿಗೂ ಪೆಟ್ಟು ಬೀಳಬಹುದು.

ಯಾವ ಪ್ರೋಟೀನಿಗೆ ಯಾರು ಜೋಡಿ ಎಂಬ ಪಟ್ಟಿ ಬೇಕಾಗುವುದು ಇದಕ್ಕೇ. ಈ ಪಟ್ಟಿಯಲ್ಲಿ ಬೆಂಗಳೂರಿನ ಪಾಲು ದೊಡ್ಡದು. ವೈಟ್‌ಫೀಲ್ಡಿನಲ್ಲಿ 2002ರಲ್ಲಿ ಡಾ. ಅಖಿಲೇಶ್ ಪಾಂಡೆ ಕಟ್ಟಿದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನಲ್ಲಿ, ಪ್ರಕಟವಾದ ಸಂಶೋಧನಾ ಲೇಖನಗಳನ್ನು ಜೀವವಿಜ್ಞಾನಿಗಳು ಕೂತು ಓದಿ, ಸಂಬಂಧಗಳನ್ನು ಒಂದೊಂದಾಗಿ ದಾಖಲಿಸಿದರು. 2003ರಲ್ಲಿ 2,750 ಪ್ರೋಟೀನುಗಳಿಂದ ಶುರುವಾದ ಆ ದಾಖಲೆ 2010ರ ಆವೃತ್ತಿಗೆ 41 ಸಾವಿರ ಸಂಬಂಧಗಳನ್ನು ದಾಟಿತ್ತು. 2020ರಲ್ಲಿ ಅಂತರರಾಷ್ಟ್ರೀಯ ತಂಡವೊಂದು ಪ್ರಯೋಗಾಲಯದಲ್ಲೇ ಪರೀಕ್ಷಿಸಿ ಸುಮಾರು 53 ಸಾವಿರ ಸಂಬಂಧಗಳ ನಕ್ಷೆ ಕೊಟ್ಟಿತು.

ದುಡ್ಡಿನ ಮಾತು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಟ್ರಾಸ್ಟುಜುಮ್ಯಾಬ್‌ನ ತನ್ನ ಮಾದರಿಯನ್ನು ಮಾರುಕಟ್ಟೆಗೆ ತಂದಾಗ 440 ಮಿಲಿಗ್ರಾಂ ಸೀಸೆಗೆ 57,500 ರೂಪಾಯಿ ಇತ್ತು. ಆಗಿದ್ದ ದರಕ್ಕಿಂತ ಇದೇ ಸುಮಾರು ಕಾಲು ಭಾಗ ಕಡಿಮೆ! ಆಮೇಲೆ ಬೇರೆ ಕಂಪನಿಗಳೂ ಇಳಿದವು. ಆದರೂ ಆರಂಭದ ಹಂತದ ರೋಗಕ್ಕೆ ಸಾಮಾನ್ಯವಾಗಿ ಒಂದು ವರ್ಷ ಈ ಇಂಜೆಕ್ಷನ್ ನಡೆಯುತ್ತದೆ. ಕೂಲಿ, ಹೊಲ ನಂಬಿದ ಮನೆಗೆ ಇದು ಹಗುರದ ಲೆಕ್ಕವಲ್ಲ. ಆದ್ದರಿಂದ ಶುರುವಿಗೇ ಆಸ್ಪತ್ರೆಯ ಸಮಾಜ ಸೇವಾ ವಿಭಾಗದಲ್ಲಿ ಸರಕಾರಿ ಯೋಜನೆಯ ವಿಚಾರ ಕೇಳುವುದು ಛಲೋ.

ಇನ್ನೊಂದು ಸಂಗತಿ. ರಿಪೋರ್ಟಿನಲ್ಲಿ ಹರ್-2ರ ಮುಂದೆ ‘3+’ ಇದ್ದರೆ ಪಾಸಿಟಿವ್. ‘2+’ ಇದ್ದರೆ ಅನುಮಾನ, ‘ಫಿಶ್’ ಎಂಬ ಇನ್ನೊಂದು ಪರೀಕ್ಷೆ ಬೇಕು. ಊರು ಬದಲಿಸಿ ಆಸ್ಪತ್ರೆಗೆ ಹೋಗುವವರು ಕಾಗದದ ಜೊತೆ, ಗಂಟಿನ ತುಣುಕನ್ನು ಕೂಡಿಸಿಟ್ಟ ಮೇಣದ ಬ್ಲಾಕನ್ನೂ ಲ್ಯಾಬಿನಿಂದ ಕೇಳಿ ಒಯ್ಯಬೇಕು. ಇದ್ದರೆ ಮತ್ತೆ ಸೂಜಿ ಚುಚ್ಚಿ ತುಣುಕು ತೆಗೆಯುವ ಪ್ರಸಂಗ ಬಹುತೇಕ ತಪ್ಪುತ್ತದೆ.