ಬಚ್ಚಲುಮನೆಯ ಚಾವಣಿಯ ಬೂಷ್ಟು

ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿದು ಕೆಲವು ವಾರಗಳು ಕಳೆಯುವಷ್ಟರಲ್ಲಿ, ತಾರಸಿ ಮನೆಗಳ ಸ್ನಾನಗೃಹದ ಚಾವಣಿಯಲ್ಲಿ, ಅದರಲ್ಲಿಯೂ ಹೊರಗೋಡೆ ಬಂದು ಕೂಡುವ ಮೂಲೆಗಳಲ್ಲಿ, ಸಾಸಿವೆಯಷ್ಟಿದ್ದು ಕ್ರಮೇಣ ಅಂಗೈಯಗಲಕ್ಕೆ ಹಬ್ಬುವ ಕಪ್ಪು ಮಚ್ಚೆಗಳು ಕಾಣಿಸಿಕೊಳ್ಳುವುವು. ಬೂಷ್ಟೆಂದು ನಾವು ಕರೆಯುವ ಈ ಶಿಲೀಂಧ್ರವು, ನಿತ್ಯವೂ ನೆನೆಯುವ ನೆಲವನ್ನು ಬಿಟ್ಟು, ಚೆಂಬಿನ ನೀರು ಎಂದೂ ತಾಕದ ಚಾವಣಿಯನ್ನೇ ಆಶ್ರಯಿಸುವುದೇಕೆಂಬುದು ವಿಚಾರಾರ್ಹವಾದ ಪ್ರಶ್ನೆ.

30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನಮೀಟರು ಗಾಳಿಯು ಸುಮಾರು 30 ಗ್ರಾಂ ನೀರಾವಿಯನ್ನು ಧರಿಸಬಲ್ಲುದು. 20 ಡಿಗ್ರಿಗೆ ಇಳಿದರೆ ಆ ಧಾರಣಶಕ್ತಿ ಸುಮಾರು 17 ಗ್ರಾಮಿಗೆ ಕುಗ್ಗುವುದು. ಬಿಸಿನೀರಿನ ಸ್ನಾನದಿಂದೆದ್ದ ತೇವವಾಯು ಹಗುರಾಗಿ ಮೇಲೇರಿ, ಇರುಳೆಲ್ಲ ಮಳೆಯಲ್ಲಿ ತೊಯ್ದು ತಣ್ಣಗಾದ ಕಾಂಕ್ರೀಟನ್ನು ಮುಟ್ಟಿದೊಡನೆ, ತಾನು ಹೊರಲಾರದ ಆವಿಯನ್ನು ಅಲ್ಲಿಯೇ ಸೂಕ್ಷ್ಮ ಹನಿಗಳಾಗಿ ಇಳಿಸಿಬಿಡುವುದು. ಹನಿ ಕಣ್ಣಿಗೆ ಕಾಣಲೇಬೇಕೆಂದಿಲ್ಲ. ಚಾವಣಿಗೆ ಹತ್ತಿಕೊಂಡಿರುವ ಗಾಳಿಯ ಸಾಪೇಕ್ಷ ಆರ್ದ್ರತೆಯು ಶೇಕಡ 80ನ್ನು ಮೀರಿ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಅಷ್ಟೇ ಸಾಕು.

ಬೀಜಾಣುಗಳಿಗಂತೂ ಕೊರತೆಯಿಲ್ಲ, ಮಿಲಿಮೀಟರಿನ ಕೆಲವೇ ಸಾವಿರಾಂಶಗಳಷ್ಟು ಗಾತ್ರದ ಅವು ಎಲ್ಲ ಮನೆಗಳ ಗಾಳಿಯಲ್ಲಿಯೂ ತೇಲುತ್ತಿರುವುವು. ಕ್ಲಾಡೋಸ್ಪೋರಿಯಮ್, ಆರಿಯೋಬೇಸಿಡಿಯಮ್ ಮೊದಲಾದ ಕುಲಗಳು ಸ್ನಾನಗೃಹಗಳಲ್ಲಿ ವಿಶೇಷವಾಗಿ ಕಾಣಸಿಗತಕ್ಕವು. ಅವುಗಳ ಕಪ್ಪು, ನಮ್ಮ ಕೂದಲಿಗೂ ಬಣ್ಣ ಕೊಡುವ ಮೆಲನಿನ್ ವರ್ಗದ ದ್ರವ್ಯದಿಂದ ಬಂದುದು. ಬೆಳಕನ್ನು ಬೇಡದ ಈ ಜೀವಿಗಳು, ಎಳೆಗಳನ್ನು ಚಾಚಿ, ಕಿಣ್ವಗಳನ್ನು ಸ್ರವಿಸಿ, ಬಣ್ಣದ ಲೇಪದಲ್ಲಿರುವ ಸಾವಯವ ಅಂಶವನ್ನೂ ಅದರ ಮೇಲೆ ಕುಳಿತ ಧೂಳನ್ನೂ ಸಾಬೂನಿನ ಜಿಡ್ಡನ್ನೂ ಕರಗಿಸಿ ಉಣ್ಣುವುವು. ಉಬ್ಬಸವುಳ್ಳವರಿರುವ ಮನೆಯಲ್ಲಿ ಇದನ್ನು ಕೇವಲ ಅಂದಗೇಡೆಂದು ಉಪೇಕ್ಷಿಸಲಾಗದು. ಸತ್ತ ಬೀಜಾಣುವು ಕೂಡ ಅಲರ್ಜಿಯನ್ನು ಕೆರಳಿಸಬಲ್ಲುದು.

ಹಿಂದಿನ ಬಚ್ಚಲುಮನೆಗಳಲ್ಲಿ ಹಂಡೆಯೊಲೆಯ ಕಾವು ಗೋಡೆಯನ್ನು ಬೆಚ್ಚಗಿಡುತ್ತಿದ್ದಿತು. ಹೊಗೆಯೂ ಆವಿಯೂ ಹೆಂಚಿನ ಸಂದುಗಳಿಂದ ಹೊರಬೀಳುತ್ತಿದ್ದುವು. ಗೋಡೆಗೆ ಬಳಿಯುತ್ತಿದ್ದುದು ಸುಣ್ಣ; ಹಸಿ ಸುಣ್ಣದ ಪಿಎಚ್ 12ನ್ನು ಮೀರುವುದರಿಂದ ಆ ಕ್ಷಾರದಲ್ಲಿ ಬೂಷ್ಟು ಬೇರೂರಲಾರದು. ಆದರೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಸುಣ್ಣವು ಕಾಲಕ್ರಮದಲ್ಲಿ ಕ್ಷಾರಗುಣವನ್ನು ಕಳೆದುಕೊಳ್ಳುವುದಾದ್ದರಿಂದ, ವರ್ಷವರ್ಷವೂ ಸುಣ್ಣ ಬಳಿಯುವ ಪದ್ಧತಿಯನ್ನು ನಾನು ಅತ್ಯಂತ ವಿವೇಕಯುತವಾದುದೆಂದು ಎಣಿಸುತ್ತೇನೆ.

ಹಿಡಿದ ಬೂಷ್ಟನ್ನು ಒಣಪೊರಕೆಯಿಂದ ಗುಡಿಸಿದರೆ ಬೀಜಾಣುಗಳು ಮನೆಯೆಲ್ಲ ಹರಡುವುವು. ಮೂಗುಬಾಯಿಗೆ ಬಟ್ಟೆ ಕಟ್ಟಿ, ಕಿಟಕಿ ತೆರೆದು, ಸಾಬೂನಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರಸತಕ್ಕದ್ದು. ಬ್ಲೀಚಿಂಗ್ ಪುಡಿಯ ತಿಳಿನೀರು ಕಲೆಯನ್ನು ಅಳಿಸೀತು, ಒಳಗಿನ ತೇವವನ್ನು ಅಳಿಸದು. ನೆಲ ತೊಳೆಯುವ ಆಸಿಡ್ಡಿನೊಡನೆ ಅದನ್ನು ಎಂದಿಗೂ ಬೆರೆಸಕೂಡದು. ಬೆರೆತರೆ ಹೊಮ್ಮುವ ಕ್ಲೋರಿನ್ ಅನಿಲವು ಮುಚ್ಚಿದ ಕೋಣೆಯಲ್ಲಿ ಪ್ರಾಣಾಪಾಯಕರ. ಆಮೇಲಿನ ದಿನಚರಿ ಸುಲಭವಾದುದು: ಸ್ನಾನವಾದ ಬಳಿಕವೂ ಅರ್ಧಗಂಟೆ ಎಕ್ಸಾಸ್ಟ್ ಫ್ಯಾನ್ ತಿರುಗಲಿ, ಒದ್ದೆ ಬಟ್ಟೆ ಅಲ್ಲಿ ಒಣಗದಿರಲಿ. ಯಾರೂ ಸ್ನಾನಮಾಡದ ದಿನಗಳಲ್ಲಿಯೂ ಮಚ್ಚೆಯ ಅಂಚು ಒದ್ದೆಯಾಗಿಯೇ ಇದ್ದರೆ, ನೀರು ತಾರಸಿಯ ಬಿರುಕಿನಿಂದ ಇಳಿಯುತ್ತಿರಬಹುದು; ಅದನ್ನು ಬೇಸಗೆಯಲ್ಲಿ ಮುಚ್ಚಿಸಿ, ಚಾವಣಿ ಪೂರ್ತಿ ಒಣಗಿದ ಮೇಲೆಯೇ ಹೊಸ ಬಣ್ಣವನ್ನು ಬಳಿಸಬೇಕು.